ಹೊಕ್ಕಳಿಲ್ಲದ ಹೊಟ್ಟೆ

ರಾಮದುರ್ಗದ ನೇಕಾರ ಓಣಿಯಲ್ಲಿ ಸುಂದರವ್ವನ ಹೊಟ್ಟೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಅದರ ಬಗ್ಗೆ ಮಾತಾಡದವರೂ ಯಾರೂ ಇರಲಿಲ್ಲ. ಆರು ಹೆತ್ತ ಹೊಟ್ಟೆ ಅದು. ಕೊನೆಯ ಹೆರಿಗೆಯಾದ ಮೇಲೆ ಒಳಗೆ ಹೋಗುವ ಮನಸ್ಸನ್ನೇ ಮಾಡದೆ ಸೀರೆಯ ಗಂಟಿನ ಕೆಳಗೆ ಜೋತುಬಿದ್ದಿತ್ತು. ನೂಲು ಸುತ್ತಲು ರಾಟಿಯ ಮುಂದೆ ಕುಳಿತರೆ ಸಾಕು, ನಿದ್ದೆ ಬಂದ ಕೂಸಿನ ಹಾಗೆ ತೊಡೆಯ ಮೇಲೆ ಬಂದು ಮಲಗುತ್ತಿತ್ತು. ಹೊಕ್ಕಳು ಇರಬೇಕಾದಲ್ಲಿ ಒಂದು ಗಡ್ಡೆ ಉಬ್ಬಿತ್ತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಅಂಗೈಯಿಂದ ಒತ್ತಿದರೆ ಗುಳಕ್ಕನೆ ಒಳಗೆ ಹೋಗುತ್ತಿತ್ತು.

ಸೊಸೆ ತಾಯವ್ವ ಮುನವಳ್ಳಿಯಿಂದ ಈ ಮನೆಗೆ ಬಂದು ವರ್ಷವಾಗಿತ್ತು. ಅತ್ತೆ ಯಾರೊಡನೆ ಮಾತಾಡುತ್ತಿದ್ದರೂ ಒಂದು ಕೈ ಸೆರಗಿನ ಒಳಗೇ ಇರುವುದನ್ನು ಬಂದ ದಿನವೇ ಅವಳು ಗಮನಿಸಿದ್ದಳು. ಆ ಕೈ ಅಲ್ಲಿ ಏನು ಮಾಡುತ್ತದೆ? ಹೊಸ ಸೊಸೆ ಕೇಳುವ ಪ್ರಶ್ನೆಯಲ್ಲ ಅದು. ಆದರೆ ತಾಯವ್ವನಿಗೆ ಏನನ್ನು ಕಂಡರೂ ಯಾಕೆ, ಹೇಗೆ ಎಂದು ಕೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. "ನಿನ್ನ ಬಾಯಿಗೆ ಕೀಲಿ ಹಾಕೂದು ಗಂಡನ ಮನಿಯವರ ಕೈಲೇನ ಆಗಬೇಕು," ಎಂದು ತವರಿನಲ್ಲಿ ತಾಯಿ ಗದರುತ್ತಿದ್ದಳು. ಗಂಡನ ಮನೆಯವರಿಗೂ ಆ ಕೀಲಿ ಇನ್ನೂ ಸಿಕ್ಕಿರಲಿಲ್ಲ.

ಸುಂದರವ್ವನ ಹೆಣ್ಣುಮಕ್ಕಳೆಲ್ಲ ಗಂಡನ ಮನೆ ಸೇರಿದ ಮೇಲೆ ಮನೆಯಲ್ಲಿ ಉಳಿದವರು ಐದು ಜನ, ಎರಡು ಕುಣಿಮಗ್ಗ. ಮಾವ ಲಗಮಣ್ಣ, ಗಂಡ ಬಾಳು ಇಬ್ಬರೂ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟಕ್ಕೇ ಏಳುವುದು. ಅವರ ಲಾಳಿಯೊಳಗೆ ಕೂರುವ ನೂಲಿನ ಉರುಳೆ, ಕಂಡಿಕೆ, ಸುತ್ತಿ ಕೊಡುವುದು, ನೂಲಿಗೆ ಗಂಜಿ ಕಾಯಿಸುವುದು, ರೊಟ್ಟಿ ಬಡಿಯುವುದು, ಬಾವಿಯಿಂದ ನೀರು ಸೇದಿ ತರುವುದು, ಎಲ್ಲ ಹೆಂಗಸರ ಪಾಲು. ಲಗಮಣ್ಣನ ತಾಯಿ ಶೆಟ್ಟೆವ್ವ ಹಣ್ಣಾದ ಮುದುಕಿ. ಕೈ ನಡುಗುತ್ತಿದ್ದರೂ ನಾಲಿಗೆ ನಡುಗುತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಗಂಜಿಯ ಹಂಡೆಯನ್ನು ಒಲೆಯಿಂದ ಇಳಿಸುವಾಗ ಸುಂದರವ್ವ "ಯವ್ವಾ" ಎಂದು ಅಲ್ಲೇ ಕುಸಿದಳು. ಗಡ್ಡೆ ಹೊರಗೆ ಬಂದಿತ್ತು. ಒತ್ತಿದಳು, ಹೋಗಲಿಲ್ಲ. ಮಲಗಿ ಒತ್ತಿದಳು, ಹೋಗಲಿಲ್ಲ. ವಾಂತಿ ಶುರುವಾಯಿತು. ಬಾಳು ನೆರೆಮನೆಯ ಮೆಹಬೂಬಸಾಬನ ಟಾಂಗಾ ಕಟ್ಟಿಸಿ ಅವ್ವನನ್ನು ದವಾಖಾನೆಗೆ ಒಯ್ದ. ಲಗಮಣ್ಣ, ತಾಯವ್ವ ಇಬ್ಬರೂ ಜೊತೆಗೆ ಹತ್ತಿದರು. ಅಲ್ಲಿಯ ಡಾಕ್ಟರರು ಬೆವರು ಸುರಿಸಿ, ಗಡ್ಡೆಯನ್ನು ಅಂತೂ ಒಳಗೆ ಕಳಿಸಿದರು.

"ಇದಕ್ಕ ಆಪರೇಶನ್ ಆಗಬೇಕು. ಬೆಳಗಾವಿಗೆ ಕರಕೊಂಡು ಹೋಗ್ರಿ," ಎಂದರು.

"ಹೋಗೂಣ್ರಿ. ಮಗ್ಗದ ಮ್ಯಾಲಿನ ಹಾಸು ಒಂದು ಇಳೀಲಿ," ಎಂದ ಲಗಮಣ್ಣ. ನೇಕಾರನ ಮನೆಗೆ ಯಮ ಬಂದರೂ ಮಗ್ಗಕ್ಕೆ ಏರಿಸಿದ ಹಾಸಿನ ನೂಲು ನೇಯ್ದು ಮುಗಿಯುವ ತನಕ ಕಟ್ಟೆಯ ಮೇಲೆ ಕೂತು ಕಾಯಬೇಕು.

ತಾಯವ್ವನಿಗೆ ತಡೆಯಲಾಗಲಿಲ್ಲ. "ಅದು ಒಳಗ ಹೋಗದ ಹಂಗ ಉಳಿದಿದ್ರ ಏನಾಗತಿತ್ರಿ ಡಾಕ್ಟರ?"

"ಕರುಳು ಕೊಳೀತಿತ್ತು."

"ಆಮ್ಯಾಲ್ರಿ?"

"ಆಮ್ಯಾಲ ಏನೈತವ್ವಾ? ನಾಕು ಮಂದಿ ಹೊತ್ತಕೊಂಡು ಹೋಗೂದು."

ಲಗಮಣ್ಣ ಸೊಸೆಯನ್ನು ದುರುಗುಟ್ಟಿ ನೋಡಿದ. ಆದರೆ ಕೇಳಿದ್ದು ಕೇಳಿಯಾಗಿತ್ತು, ಉತ್ತರ ಎಲ್ಲರ ಕಿವಿಗೂ ಬಿದ್ದಿತ್ತು.

ಅವತ್ತು ಊಟಕ್ಕೆ ಕೂತಾಗ ರೊಟ್ಟಿಗಿಂತ ಮಾತೇ ಬಿಸಿಯಾಗಿತ್ತು. ತಮಾಷೆಯೆಂದರೆ ಎಲ್ಲರಿಗಿಂತ ಹೆಚ್ಚು ಹಟ ಹಿಡಿದವಳು ಸುಂದರವ್ವನೇ.

"ನಾ ಒಲ್ಲೆ. ನಾ ಅಲ್ಲಿ ಕಾಲು ಚಾಚಿ ಮಲಗಿದ್ರ ಇಲ್ಲೆ ಕಂಡಿಕಿ ಸುತ್ತಾವರು ಯಾರು?"

"ಕೇಳಿದ್ರ್ಯಾ? ಆಕೀನ ಒಲ್ಲೆ ಅಂತಾಳ," ಎಂದ ಲಗಮಣ್ಣ, ಪಾರಾದವನ ಹಾಗೆ.

"ನಾ ಸುತ್ತತೇನ್ರಿ," ಎಂದಳು ತಾಯವ್ವ.

"ನಿನ್ನ ಕಂಡಿಕಿ ನೋಡೀನಿ. ಅರ್ಧಕ್ಕ ಸಿಕ್ಕಾಗತಾವು," ಎಂದ ಬಾಳು. ಹೆಂಡತಿ ಅವನ ತಾಟಿಗೆ ಹಾಕಲಿದ್ದ ರೊಟ್ಟಿಯನ್ನು ವಾಪಸು ಬುಟ್ಟಿಗೆ ಹಾಕಿದಳು.

ಶೆಟ್ಟೆವ್ವ ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತ ತನ್ನದೇ ಧ್ಯಾನದಲ್ಲಿದ್ದಳು. "ಅಲ್ಲಲೇ ಬಾಳ್ಯಾ, ಜೋತಬಿದ್ದ ಚರ್ಮಾ ಕೊಯ್ದು ತಗೀತಾರಂತ. ತಗದದ್ದನ್ನ ಏನ ಮಾಡತಾರ?"

"ಒಗೀತಾರ, ಆಯಿ."

"ಒಗೀತಾರ? ಕೂಸಿನ ಹೊಕ್ಕಳಬಳ್ಳಿ ಬಿದ್ರೂ ನಾವು ಮಣ್ಣಾಗ ಹುಗೀತೇವಿ. ಮೈಯಾಗಿನ ಮಾಂಸ ಹಂಗ ಒಗಿಯೂದು ಅಂದ್ರೇನು? ಕೇಳಿ ಇಸಕೊಂಡ ಬರ್ರಿ, ಹಿತ್ತಲದಾಗ ಹುಗಿಯೂಣು."

ಹೀಗೆ ಆಪರೇಶನ್ ಬೇಕೋ ಬೇಡವೋ ಎಂಬ ಜಗಳ, ಕೊಯ್ದದ್ದನ್ನು ಎಲ್ಲಿ ಹುಗಿಯಬೇಕೆಂಬ ಜಗಳವಾಗಿ ಮುಗಿಯಿತು. ಹುಗಿಯುವ ಜಾಗ ಗೊತ್ತಾದ ಮೇಲೆ ಕೊಯ್ಯುವುದೂ ಗೊತ್ತಾದಂತೆಯೇ.

ಸವದತ್ತಿ, ಬೈಲಹೊಂಗಲ ದಾಟಿ ಬಸ್ಸು ಬೆಳಗಾವಿ ಮುಟ್ಟುವಷ್ಟರಲ್ಲಿ ಸುಂದರವ್ವ ರಸ್ತೆಯ ಪ್ರತಿ ಕುಳಿಗೂ ಹೊಟ್ಟೆ ಹಿಡಿದು ಕೂತು ಸಾಕುಸಾಕಾಗಿದ್ದಳು. ಅಲ್ಲಿಯ ದೊಡ್ಡ ದವಾಖಾನೆಯ ಸರ್ಜನ್ನರು ದಪ್ಪ ಕನ್ನಡಕದ ಮನುಷ್ಯ. ನೋಡಿದರು, ಒತ್ತಿದರು, ಕೆಮ್ಮಿಸಿದರು. ಕೆಮ್ಮು ಒಂದಕ್ಕೆ ನಿಲ್ಲಲಿಲ್ಲ, ಸಾಲಾಗಿ ಬಂತು.

"ತಂಬಾಕು ಹಚ್ಚತೀಯೇನವ್ವಾ?"

ಸುಂದರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಹೋದಳು. ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವುದು ಅವಳಿಗೆ ದಿನಕ್ಕೆ ಮೂರು ಹೊತ್ತಿನ ಪೂಜೆ. ಕರ್ರಗಿನ ಹಲ್ಲುಗಳೇ ಸಾಕ್ಷಿ ಹೇಳಿದವು.

"ಅದನ್ನ ಇವತ್ತಿಂದ ಬಿಡಬೇಕು. ಈ ಕೆಮ್ಮು ಇಟ್ಟುಕೊಂಡು ಬಂದ್ರ ನಾ ಹೊಲಿದದ್ದೆಲ್ಲಾ ಹರೀತೈತಿ. ಕೆಮ್ಮು ನಿಂತ ಮ್ಯಾಲ ಬಾ. ಇನ್ನೊಂದು ಮಾತು. ನಿನ್ನ ಹೊಟ್ಟೀ ಗೋಡಿ ಹಳೇ ಧೋತರದಂಗ ಆಗೈತಿ. ಕರುಳು ಒಳಗ ಹಾಕಿ, ಗೋಡಿ ಹೊಲದು, ಹೆಚ್ಚಿನ ಚರ್ಮಾ ತಗದು, ಮ್ಯಾಲೊಮ್ಮೆ ಹೊಲೀತೇನಿ. ಆದ್ರ ಒಮ್ಮೆ ಮಾತ್ರ. ಆಪರೇಶನ್ ಆದ ಮ್ಯಾಲ ಮೂರು ತಿಂಗಳು ತುಂಬಿದ ಕೊಡ ಎತ್ತಂಗಿಲ್ಲ, ನೀರು ಸೇದಂಗಿಲ್ಲ. ಬಿಚ್ಚಿತಂದ್ರ ಎರಡನೇ ಸಲ ಹೊಲಿಗಿ ಹಿಡಿಯಾಕ ಅಲ್ಲಿ ಏನೂ ಉಳಿಯೂದಿಲ್ಲ." ಆಮೇಲೆ ತಾಯವ್ವನ ಕಡೆ ತಿರುಗಿದರು. "ನೀ ಸೊಸಿ ಏನು? ಈಕಿ ಕೊಡ ಎತ್ತಿದ್ರ ನಾ ನಿನ್ನ ಕೇಳತೇನಿ."

ಮನೆಯಲ್ಲಿ ತಯಾರಿ ಶುರುವಾಯಿತು. ತಂಬಾಕಿನ ಡಬ್ಬಿ ಶೆಟ್ಟೆವ್ವನ ವಶಕ್ಕೆ ಹೋಯಿತು. ಡಬ್ಬಿ ಹೋದ ಮೇಲೆ ಸುಂದರವ್ವನ ಸಿಟ್ಟಿಗೆ ಮುಚ್ಚಳವೇ ಇಲ್ಲದಂತಾಯಿತು. ರೊಟ್ಟಿ ತೆಳ್ಳಗಾದರೂ ಬೈದಳು, ದಪ್ಪಗಾದರೂ ಬೈದಳು. ಬೈಗುಳದ ನಡುವೆಯೇ ಒಂದೊಂದು ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟಳು. ಗಂಜಿ ಎಷ್ಟು ಕಾಯಬೇಕು, ನೂಲು ಎಷ್ಟು ಒಣಗಬೇಕು, ಲಗಮಣ್ಣನ ಸಾರಿಗೆ ಉಪ್ಪು ಎಷ್ಟು ಕಡಿಮೆ ಇರಬೇಕು, ಎಲ್ಲ ಹೇಳಿಕೊಟ್ಟಳು. ಬೆಳಗಾವಿಯ ನರ್ಸ್ ಹೇಳಿಕೊಟ್ಟ ಹಾಗೆ, ಹೊಟ್ಟೆಗೆ ಬಿಗಿ ಬೀಳದಂತೆ ಮಗ್ಗುಲಿಗೆ ಹೊರಳಿ ಕೈಯೂರಿ ಏಳುವುದನ್ನು ದಿನಾ ರೂಢಿ ಮಾಡಿದಳು. ಹೇಗಿರುತ್ತದೆ ನೋಡೋಣವೆಂದು ತಾಯವ್ವನೂ ಪಕ್ಕದಲ್ಲಿ ಮಲಗಿ ಹೊರಳಿ ಎದ್ದಳು. ಅತ್ತೆ ಸೊಸೆ ಇಬ್ಬರೂ ನಡುಮನೆಯಲ್ಲಿ ಉರುಳಾಡುವುದನ್ನು ಕಂಡು ಬಾಳು ಮಗ್ಗ ನಿಲ್ಲಿಸಿ ನಕ್ಕ.

ಕೆಮ್ಮು ನಿಂತಿತು. ಬೆಳಗಾವಿಯಲ್ಲಿ ಆಪರೇಶನ್ನಿನ ಹಿಂದಿನ ದಿನ ಡಾಕ್ಟರರು ಇನ್ನೊಂದು ಮಾತು ಹೇಳಿದರು. "ಹೊಕ್ಕಳ ಉಳಿಸಾಕ ಬರೂದಿಲ್ಲವ್ವಾ. ಗಡ್ಡಿ ಅದರಾಗ ಐತಿ. ತಗೀಬೇಕಾಗತೈತಿ."

ಕರುಳು ಕೊಳೆಯುತ್ತದೆ ಎಂದಾಗಲೂ ಅಂಜದ ಸುಂದರವ್ವ ಈ ಮಾತಿಗೆ ತಬ್ಬಿಬ್ಬಾದಳು. ವಾರ್ಡಿನ ಮಂಚದ ಮೇಲೆ ಕೂತು ಸೆರಗಿನೊಳಗೆ ಗಡ್ಡೆಯ ಮೇಲೆ ಕೈಯಿಟ್ಟಳು. "ತಾಯವ್ವಾ, ಹೊಕ್ಕಳ ಇಲ್ಲದ ಮನಷ್ಯಾರು ಇರತಾರೇನು?"

"ಕಂಡಿಲ್ರಿ ಅತ್ತಿ. ಅದರಿಂದ ಈಗ ಏನ ಉಪಯೋಗ ಐತಿ?"

"ಉಪಯೋಗ ಏನಿಲ್ಲ. ನಮ್ಮವ್ವನ ಹೊಟ್ಟ್ಯಾಗ ಇದ್ನಿ ಅಂಬೂದಕ್ಕ ಅದೊಂದ ಗುರ್ತು." ಆಮೇಲೆ ತಾನೇ ಸೀರೆ ಸರಿಪಡಿಸಿಕೊಂಡಳು. "ಹೋಗಲಿ. ಅವ್ವ ಹೋಗೇ ಭಾಳ ವರ್ಷ ಆತು."

ಆಪರೇಶನ್ ಆಯಿತು. ಸುಂದರವ್ವನನ್ನು ಹೊರಗೆ ತಂದಾಗ ಲಗಮಣ್ಣ ಮೊದಲು ಹೆಂಡತಿಯ ಮುಖ ನೋಡಿದ, ಆಮೇಲೆ ತಾಯಿಯ ಅಪ್ಪಣೆ ನೆನಪಾಗಿ ನರ್ಸನ್ನು ಹಿಡಿದ.

"ಬಾಯಾರ, ಆ ತಗದ ಚರ್ಮಾ ಕೊಡತೀರೇನ್ರಿ? ಹಿತ್ತಲದಾಗ ಹುಗೀಬೇಕಾಗಿತ್ತು."

"ಏನಂದ್ರಿ?" ಎಂದು ಅವಳು ಹಾಕಿದ ಕೂಗಿಗೆ ಇಡೀ ವಾರ್ಡು ತಿರುಗಿ ನೋಡಿತು. ಲಗಮಣ್ಣ ಟೊಪ್ಪಿಗೆ ಸರಿಮಾಡಿಕೊಂಡು ಹೊರಗಿನ ಬೇವಿನ ಗಿಡದ ಕೆಳಗೆ ಹೋಗಿ ಕೂತ. ಅಲ್ಲಿಂದ ಊರಿಗೆ ಹೋಗುವ ತನಕ ಆ ನರ್ಸ್ ಕಂಡರೆ ಸಾಕು, ಬೇರೆ ದಾರಿ ಹಿಡಿಯುತ್ತಿದ್ದ.

ಪಟ್ಟಿ ಬಿಚ್ಚಿದ ದಿನ ತಾಯವ್ವ ಕಣ್ಣು ಮುಚ್ಚಲಿಲ್ಲ. ಒಂದು ಟೊಂಕದಿಂದ ಇನ್ನೊಂದು ಟೊಂಕದ ತನಕ ಉದ್ದನೆಯ ಗೆರೆ, ಉದ್ದಕ್ಕೂ ಕರಿ ದಾರದ ಗಂಟು. ಜೋತುಬಿದ್ದ ಹೊಟ್ಟೆ ಎಲ್ಲಿ ಹೋಯಿತೋ! ನಡುವೆ ಹೊಕ್ಕಳಿಲ್ಲ, ಬರೀ ಬಯಲು. ಅವಳಿಗೆ ಅಂಜಿಕೆಯೂ ಆಯಿತು, ನೋಡಿದಷ್ಟೂ ಇನ್ನೂ ನೋಡಬೇಕೆನ್ನಿಸಿತು. ಅಷ್ಟರಲ್ಲಿ ಔಷಧದ ವಾಸನೆ ಮೂಗಿಗೆ ಬಡಿದು ಹೊರಗೆ ಓಡಿ ವಾಂತಿ ಮಾಡಿದಳು. ನರ್ಸ್ ಹಿಂದೆಯೇ ಬಂದು ಎರಡು ಪ್ರಶ್ನೆ ಕೇಳಿ ನಕ್ಕಳು. ತಾಯವ್ವನಿಗೆ ಎರಡು ತಿಂಗಳಾಗಿತ್ತು.

ಸುದ್ದಿ ಕೇಳಿ ಸುಂದರವ್ವನಿಗೆ ನಗು ಬಂತು. ನಕ್ಕರೆ ಹೊಲಿಗೆ ಜಗ್ಗುತ್ತದೆಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, "ನಗಸಬ್ಯಾಡ, ನಗಸಬ್ಯಾಡ," ಎನ್ನುತ್ತ ಕಣ್ಣಲ್ಲಿ ನೀರು ತಂದುಕೊಂಡಳು.

ಊರಿಗೆ ಬಂದದ್ದೇ ತಡ, ಓಣಿಯ ಹೆಂಗಸರೆಲ್ಲ ಬಂದರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಕೊನೆಗೆ ಮೆಹಬೂಬಸಾಬನ ಹೆಂಡತಿ ನೂರಬಿ ಧೈರ್ಯ ಮಾಡಿದಳು. "ಅಕ್ಕಾ, ಬ್ಯಾರೆ ಏನಿಲ್ಲ, ಹೊಕ್ಕಳ ಇದ್ದ ಜಾಗಾ ಒಂದ ತೋರಿಸು."

ಸುಂದರವ್ವ ಹೊಲಿಗೆಯ ಬಿಗಿಗೆ ಬೆನ್ನು ಬಾಗಿಸಿಕೊಂಡೇ ನಿಂತು, ಬಾಗಿಲು ಹಾಕಿಸಿ, ಸೀರೆ ಸರಿಸಿದಳು. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು.

"ಯಾ ಅಲ್ಲಾ, ಹಂಚಿನಂಗ ಸಪಾಟ ಆಗೈತಲ್ಲ!"

"ನೋವಾಗತೈತೇನು?"

"ಕೈ ಹಚ್ಚಿದ್ರ ಕೈ ಹಚ್ಚಿದ್ದ ಗೊತ್ತಾಗೂದಿಲ್ಲ. ಬ್ಯಾರೇದವರ ಹೊಟ್ಟಿ ಮುಟ್ಟಿದಂಗ ಆಗತೈತಿ," ಎಂದಳು ಸುಂದರವ್ವ. ಅವಳ ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು. ಅವಳನ್ನು ನೋಡಲೆಂದು ಓಣಿಯ ಜನ ಹೀಗೆ ಸೇರಿದ್ದು ಮದುವೆಯ ದಿನ ಬಿಟ್ಟರೆ ಅಂದೇ.

ಆದರೆ ನೋಡಲು ಬಂದವರು ನೀರು ತಂದುಕೊಡುವುದಿಲ್ಲವಲ್ಲ. ನೀರು, ಗಂಜಿ, ರೊಟ್ಟಿ, ಕಂಡಿಕೆ ಎಲ್ಲ ತಾಯವ್ವನ ಮೈಮೇಲೆ ಬಿದ್ದವು. ಒಂದು ಕಡೆ ರೊಟ್ಟಿ ಹೊತ್ತಿದರೆ ಇನ್ನೊಂದು ಕಡೆ ಲಾಳಿ ಖಾಲಿ. "ಕಂಡಿಕಿ!" ಎಂದು ಕುಣಿಯಿಂದ ಲಗಮಣ್ಣ ಕೂಗುತ್ತಿದ್ದ. ಒಂದು ದಿನ ಕೂಗಿ ಕೂಗಿ ಯಾರೂ ಬಾರದ್ದಕ್ಕೆ ಬಾಳು ತಾನೇ ಎದ್ದು ರಾಟಿಯ ಮುಂದೆ ಕೂತ. ಬೀದಿಯಲ್ಲಿ ಹೋಗುತ್ತಿದ್ದ ಅದೇ ಓಣಿಯ ನೇಕಾರ ಜಟ್ಟೆಪ್ಪ ಕಿಟಕಿಯಲ್ಲಿ ಇಣುಕಿ, "ಏನ ಬಾಳವ್ವಾ, ಆರಾಮೇನು?" ಎಂದು ನಕ್ಕು ಹೋದ. ಬಾಳು ಕಿಟಕಿ ಮುಚ್ಚಿಕೊಂಡು ಸುತ್ತಿದ. ಅವನ ಕಂಡಿಕೆ ತಾಯವ್ವನ ಕಂಡಿಕೆಗಿಂತ ಬೇಗ ಸಿಕ್ಕಾಯಿತು.

ಮಂಚದ ಮೇಲೆ ಕೂತ ಸುಂದರವ್ವ ಇದನ್ನೆಲ್ಲ ನೋಡುತ್ತಿದ್ದಳು. ತಾಯವ್ವ ತುಂಬಿದ ಕೊಡ ಸೊಂಟಕ್ಕಿಟ್ಟು ಹೊಸ್ತಿಲು ದಾಟುವಾಗ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದಳು.

ಹಟ ಮಾಡಿದವಳು ಶೆಟ್ಟೆವ್ವ. ಹೊಟ್ಟೆಯಿಂದ ಏನೋ ತೆಗೆದ ಮೇಲೆ ಅದು ಬಾಣಂತನವೇ ಎಂಬುದು ಅವಳ ಲೆಕ್ಕ. ಬಾಣಂತಿಯರು ತಿನ್ನುವ ಅಂಟಿನುಂಡಿ ಕಟ್ಟಿಸಿದಳು, ಕಿವಿಗೆ ಹತ್ತಿ ಇಡಿಸಿದಳು, ಓಮದ ಹೊಗೆ ಹಾಕಿದಳು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಒಂದು ಬೆಳಿಗ್ಗೆ ತಾಯವ್ವ ಬಾವಿಯಿಂದ ಬಂದು ನೋಡಿದರೆ, ಬಚ್ಚಲಲ್ಲಿ ಸುಂದರವ್ವನನ್ನು ಕೂರಿಸಿ, ಕುದಿಯುವ ನೀರನ್ನು ತಂಬಿಗೆಯಲ್ಲಿ ಎತ್ತಿ ಹಿಡಿದು ಮುದುಕಿ ನಿಂತಿದ್ದಳು.

"ಆಯಿ! ಬ್ಯಾಡ್ರಿ! ಗಾಯ ಇನ್ನೂ ಹಸಿ ಐತಿ!"

"ಬಾಣಂತಿ ಹೊಟ್ಟಿಗೆ ಕಾಯ್ದ ನೀರ ಬೀಳದಿದ್ರ ಗಟ್ಟಿ ಆಗೂದಿಲ್ಲ. ನೀ ಸರಿ."

ತಾಯವ್ವ ಸರಿಯಲಿಲ್ಲ. ತಂಬಿಗೆ ಕಸಿದುಕೊಂಡಳು, ನೀರು ನೆಲಕ್ಕೆ ಚೆಲ್ಲಿ ಇಬ್ಬರ ಪಾದಗಳೂ ಸುಟ್ಟವು. ಹಿರಿಯರಿಗೆ ಎದುರಾಡದ ಹುಡುಗಿ ಅಂದು ಕೂಗಿಬಿಟ್ಟಳು. "ಹೊಲಿಗಿ ಬಿಚ್ಚಿದ್ರ ಸಾಯತಾರ ಅವರು! ಹೊಟ್ಟಿ ಒಡದವರ ಸಂಕಟ ನಿಮಗೇನ ಗೊತ್ತೈತ್ರಿ?"

ಸುಂದರವ್ವ ಗೋಡೆ ಹಿಡಿದು ಮೆಲ್ಲಗೆ ಹೊರಗೆ ಹೋದ ಮೇಲೆ ಮುದುಕಿ ಬಚ್ಚಲಿನ ಬಾಗಿಲು ಮುಂದೆ ಮಾಡಿದಳು. ತನ್ನ ಸೀರೆಯ ಗಂಟು ಸಡಿಲಿಸಿ, ಒಳಗೆ ಸುತ್ತಿಕೊಂಡಿದ್ದ ಹಳೆಯ ಧೋತರದ ಪಟ್ಟಿ ಬಿಚ್ಚಿದಳು. ಸುಕ್ಕುಗಟ್ಟಿದ ಹೊಟ್ಟೆಯ ನಡುವೆ ತೆಂಗಿನಕಾಯಿಯಷ್ಟು ಗಡ್ಡೆ ಇತ್ತು.

"ಇದು ನಿನ್ನ ಗಂಡಗಿಂತ ಹಿರೀದು," ಎಂದಳು.

ತಾಯವ್ವನಿಗೆ ಸುಟ್ಟ ಪಾದದ ಉರಿ ಮರೆತೇಹೋಯಿತು. "ಯಾರಿಗೂ ಹೇಳಲಿಲ್ಲೇನ್ರಿ ಆಯಿ?"

"ಕೇಳಿದವರು ಯಾರು? ಓಣಿಗೆಲ್ಲಾ ಪ್ರಶ್ನಿ ಕೇಳೂ ಹುಡುಗಿ ನೀನು. ನನ್ನ ಕೇಳಿದೇನು?"

ಸದಾ ಉತ್ತರ ಹುಡುಕುವ ಹುಡುಗಿಗೆ ನಾಚಿಕೆಯಾಯಿತು. ಅವಳೇ ಬಾಗಿ, ಆ ಪಟ್ಟಿಯನ್ನು ಮುದುಕಿಯ ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಟ್ಟಳು. "ಗಣಮಕ್ಕಳ ಮುಂದ ಅನಬ್ಯಾಡ," ಎಂದಳು ಶೆಟ್ಟೆವ್ವ. ಮರುದಿನದಿಂದ ಕಾಯ್ದ ನೀರಿನ ಮಾತೇ ಬರಲಿಲ್ಲ.

ದಿನ ಕಳೆದವು. ಸುಂದರವ್ವನ ಬೆನ್ನು ನೆಟ್ಟಗಾಯಿತು. ಗಾಯ ಒಣಗಿತು. ಮೂರು ತಿಂಗಳು ತುಂಬುತ್ತ ಬಂದವು. ಇನ್ನೇನು ಗೆದ್ದೆವು ಎನ್ನುವಷ್ಟರಲ್ಲಿ ಅನರ್ಥ ಮಾಡಿದವಳು ಹೊರಗಿನವಳಲ್ಲ, ಸುಂದರವ್ವನೇ.

ಅವಳ ಕೈಗಳಿಗೆ ಅಷ್ಟು ದಿನ ಕೆಲಸವಿರಲಿಲ್ಲ. ಹುಟ್ಟಿದಾಗಿನಿಂದ ನೂಲಿನೊಡನೆ ಬೆಳೆದ ಬೆರಳುಗಳವು. ಎಲ್ಲಿ ಎಳೆ ಹೊರಗೆ ಬಂದರೂ ಕಣ್ಣು ನೋಡುವ ಮೊದಲೇ ಬೆರಳು ಹಿಡಿದಿರುತ್ತಿದ್ದವು. ಒಂದು ಮಧ್ಯಾಹ್ನ ಗೆರೆಯ ಮೇಲೆ ಕೈಯಾಡಿಸುವಾಗ ಏನೋ ಚುಚ್ಚಿದಂತಾಯಿತು. ಒಳಗಿನ ಹೊಲಿಗೆಯ ಕರಿ ದಾರದ ತುದಿ ಚರ್ಮದಿಂದ ಇಣುಕುತ್ತಿತ್ತು. ಬಟ್ಟೆಯ ಮೇಲೆ ಎಳೆ ನಿಂತರೆ ನೇಕಾರತಿ ಏನು ಮಾಡುತ್ತಾಳೆ? ಹಿಡಿದು ಹೊಸೆದಳು, ಜಗ್ಗಿದಳು. ಬರಲಿಲ್ಲ. ಬೆರಳಿಗೆ ಸುತ್ತಿ ಇನ್ನೂ ಜಗ್ಗಿದಳು.

ತಾಯವ್ವ ನೋಡುವ ಹೊತ್ತಿಗೆ ಸೀರೆಗೆ ರಕ್ತ ಹತ್ತಿತ್ತು. ಎರಡು ದಿನದಲ್ಲಿ ಆ ಜಾಗ ಕೆಂಪಗೆ ಬಾತು ಕೀವು ಬಂತು. ಮೈ ಕೆಂಡವಾಯಿತು.

"ನಿನಗ ಕಾಯಾಕ ಹೇಳಿದ್ರಲ್ಲ ಡಾಕ್ಟರು!" ಎಂದು ಲಗಮಣ್ಣ ಸೊಸೆಯ ಮೇಲೆ ಹರಿಹಾಯ್ದ.

"ಕೊಡ ಎತ್ತದಂಗ ಕಾಯಿ ಅಂದಿದ್ರು ಮಾವಾರ. ಕೈ ಹಿಡದು ಕೂಡು ಅಂದಿದ್ದಿಲ್ಲ."

"ಆಕೀಗೆ ಬೈಬ್ಯಾಡ್ರಿ," ಎಂದಳು ಸುಂದರವ್ವ ಹಲ್ಲು ಕಚ್ಚಿಕೊಂಡು. "ಹಾಳ ಕೈ ನಂದು."

ಬಾಳು ಮಗ್ಗದ ಮೇಲೆ ಅರ್ಧ ಸೀರೆ ಬಿಟ್ಟು ಎದ್ದ. ಅವ್ವನನ್ನೂ ಹೆಂಡತಿಯನ್ನೂ ಬಸ್ಸಿಗೆ ಹತ್ತಿಸಿಕೊಂಡು ಬೆಳಗಾವಿಗೆ ಹೊರಟ. ದಾರಿಯುದ್ದಕ್ಕೂ ಎರಡನೇ ಸಲ ಹೊಲಿಗೆ ಹಿಡಿಯುವುದಿಲ್ಲವೆಂಬ ಮಾತು ಮೂವರ ನಡುವೆ ನಾಲ್ಕನೆಯವರ ಹಾಗೆ ಕೂತಿತ್ತು.

ದವಾಖಾನೆಯಲ್ಲಿ ಬಾಳುವನ್ನು ಹೊರಗೆ ನಿಲ್ಲಿಸಿದರು. ಡಾಕ್ಟರರು ಕೀವು ತೆಗೆದು, ಆ ಗಂಟನ್ನು ಚಿಮಟದಿಂದ ಹಿಡಿದು ಕತ್ತರಿಸಿ ಹೊರಗೆಳೆದರು. ದೀಪ ಹಿಡಿದು ನಿಂತಿದ್ದ ತಾಯವ್ವ ಇನ್ನೂ ಹತ್ತಿರದಿಂದ ನೋಡಲು ಬಾಗಿ ದೀಪ ವಾಲಿಸಿದಳು.

"ಯಾಕ ಜಗ್ಗಿದಿ?"

"ಎಳಿ ಹೊರಗ ಬಂದಿತ್ರಿ ಸಾಹೇಬ್ರ. ಎಳಿ ಕಂಡ್ರ ನಮ್ಮ ಕೈ ಸುಮ್ನ ಕೂಡೂದಿಲ್ಲ."

ಡಾಕ್ಟರರಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. "ಈಗ ಕೆಮ್ಮು," ಎಂದರು. ಕೆಮ್ಮಿದಳು. ಅಂಗೈಯಿಟ್ಟು, "ಇನ್ನೂ ಜೋರ್ಲೆ," ಎಂದರು. ಜೋರಾಗಿ ಕೆಮ್ಮಿದಳು. ಅವರ ಕೈ ಅಲ್ಲೇ ಇತ್ತು. ತಾಯವ್ವ ಅವರ ಮುಖವನ್ನೇ ನೋಡಿದಳು.

"ಒಳಗಿನ ಹೊಲಿಗಿ ಗಟ್ಟಿ ಐತಿ. ನೀ ಒಂದು ಎಳಿ ಅಷ್ಟ ಕಿತ್ತಿ. ಗಾಯ ಒಣಗಲಿ, ಆಮ್ಯಾಲ ಎಲ್ಲಾ ಕೆಲಸ ಮಾಡವ್ವಾ. ನೀರೂ ಸೇದು, ಕೊಡಾನೂ ಎತ್ತು. ಏನೂ ಆಗೂದಿಲ್ಲ."

ತಾಯವ್ವನಿಗೆ ಅಳು ಬಂದುಬಿಟ್ಟಿತು. ಸುಂದರವ್ವ ಅಳಲಿಲ್ಲ. ದೀಪ ಹಿಡಿದು ನಿಂತ ಸೊಸೆಯ ಹೊಟ್ಟೆಯನ್ನೇ ನೋಡುತ್ತಿದ್ದಳು. ಐದು ತಿಂಗಳು ಈಗ ಸೀರೆಯೊಳಗೂ ಕಾಣುತ್ತಿದ್ದವು.

ಗಾಯ ಒಣಗುವ ತನಕ ಅಲ್ಲೇ ಇದ್ದು ಊರಿಗೆ ಬಂದಾಗ ಊಟದ ಹೊತ್ತು. ಲಗಮಣ್ಣ ಮಗ್ಗದಿಂದೆದ್ದು ಬಂದ. ನೀರಿನ ಕೊಡ ಬಾಗಿಲ ಬಳಿ ಬರಿದಾಗಿ ನಿಂತಿತ್ತು.

"ಏನಂದ್ರು ಡಾಕ್ಟರು?"

"ಹೊಲಿಗಿ ಹಿಡದೈತಿ ಅಂದ್ರು," ಎಂದಳು ಸುಂದರವ್ವ.

"ಅಬ್ಬಾ! ಅಂದ್ರ ಇನ್ನ ನೀರು ನಿಡಿ ನೀ ಮಾಡಬಹುದು."

"ಇಲ್ಲ." ಸುಂದರವ್ವ ಚಾಪೆಯ ಮೇಲೆ ಕೈಯೂರಿ ನಿಧಾನವಾಗಿ ಕೂತಳು. "ಇನ್ನ ಮುಂದ ಭಾರ ಎತ್ತೂ ಹಂಗಿಲ್ಲ ಅಂದ್ರು. ಮತ್ತ ಈಕೀ ಹೊಟ್ಟೀನೂ ನೋಡಿದ್ರು. ಈಕೀದು ನನ್ನಂಥಾದ್ದ ಹೊಟ್ಟಿ ಅಂತ. ಬಸಿರ ಇರೂ ತನಕ ಕೊಡ ಎತ್ತಬಾರದು. ಹಡದ ಮ್ಯಾಲ ಐದು ತಿಂಗಳು ತವರಮನ್ಯಾಗ ಇರಬೇಕು. ಇಲ್ಲಾಂದ್ರ ಈಕೀನೂ ಇದ ದವಾಖಾನಿಗೆ ಬರತಾಳ ಅಂದ್ರು."

ಡಾಕ್ಟರರು ತಾಯವ್ವನಿಗೆ ಹೇಳಿದ್ದು ಒಂದೇ ಮಾತು, ದೀಪ ಸರಿಯಾಗಿ ಹಿಡಿ ಎಂದು. ತಾಯವ್ವ ಅತ್ತೆಯ ಕಡೆ ನೋಡಿದಳು. ಸುಂದರವ್ವ ಸೊಸೆಯ ಕಡೆ ನೋಡದೆ ತಾಟು ಮುಂದಕ್ಕೆ ಎಳೆದುಕೊಂಡಳು. ಮಾತುಮಾತಿಗೂ ಒಂದು ಯಾಕೆ ಸೇರಿಸುವ ಹುಡುಗಿ ಅಂದು ಯಾಕೆ ಎನ್ನದೆ ಅತ್ತೆಯ ತಾಟಿಗೆ ರೊಟ್ಟಿ ಹಾಕಿದಳು.

"ಹೌದೇನವಾ ತಾಯವ್ವಾ?" ಲಗಮಣ್ಣನ ದನಿಯಲ್ಲಿ ಸಂಶಯವಿತ್ತು.

"ಹೌದ್ರಿ ಮಾವಾರ. ಹಂಗ ಅಂದ್ರು."

"ನಾ ಹೊರಗಿದ್ನಿ," ಎಂದ ಬಾಳು, ಯಾರೂ ಕೇಳದೆಯೇ.

ಲಗಮಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಹೆಂಗಸರೆಲ್ಲಾ ಹೊಟ್ಟಿ ಹಿಡಕೊಂಡು ಕುಂತ್ರ ಈ ಮನ್ಯಾಗ ನೀರ ತರಾವರು ಯಾರು? ಮಗ್ಗಕ್ಕ ಕೂಡಾವರು ಯಾರು? ನಮ್ಮವ್ವ ಹಡೀಲಿಲ್ಲೇನು? ಹಡದು ನೀರ ತರಲಿಲ್ಲೇನು? ಆಕೀಗೇನಾಗೈತಿ?"

ಗೋಡೆಗೊರಗಿ ಕೂತಿದ್ದ ಶೆಟ್ಟೆವ್ವ ಕತ್ತೆತ್ತಿದಳು. "ಲಗಮಣ್ಣಾ, ಇಲ್ಲೆ ಬಾ."

"ಏನಬೇ?"

"ಬಾ ಅಂದ್ರ ಬಾ. ಕೈ ಕೊಡು."

ಅವನು ಬಂದು ಕೂತ. ಮುದುಕಿ ಮಗನ ಕೈ ಹಿಡಿದು ಸೆರಗಿನ ಒಳಗೆ ಎಳೆದುಕೊಂಡು, ಪಟ್ಟಿ ಸರಿಸಿ, ತನ್ನ ಹೊಟ್ಟೆಯ ಮೇಲೆ ಇಟ್ಟಳು. ಇಟ್ಟು ಕೆಮ್ಮಿದಳು. ಲಗಮಣ್ಣ ಬೆಂಕಿ ತಗಲಿದವನ ಹಾಗೆ ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಇನ್ನೊಮ್ಮೆ ಕೆಮ್ಮಿದಳು.

"ನಿನ್ನ ತೊಟ್ಟಲಕ್ಕ ಹಾಕಿದ ಮರುದಿನ ನಾ ಬಾವಿಗೆ ಹೋಗಿದ್ನಿ. ಅವತ್ತ ಹೊರಗ ಬಂದದ್ದು ಇದು."

ಸುಂದರವ್ವ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಅತ್ತೆಯನ್ನು ನೋಡಿದಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವಳಿಗೂ ಅದು ಗೊತ್ತಿರಲಿಲ್ಲ. ಲಗಮಣ್ಣ ತಾಯಿ ಕೈ ಬಿಟ್ಟ ಮೇಲೂ ತುಸು ಹೊತ್ತು ಅಂಗೈ ನೋಡುತ್ತ ಕೂತಿದ್ದ. ಆಮೇಲೆ ಎದ್ದ. ಉಣ್ಣಲು ಕೂರಲಿಲ್ಲ, ಮಗ್ಗದ ಕಡೆಗೂ ಹೋಗಲಿಲ್ಲ. ಬಾಗಿಲ ಬಳಿಯ ಕೊಡವನ್ನು ಒಂದು ಕೈಯಲ್ಲಿ, ಹಗ್ಗವನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊರಗೆ ನಡೆದ. ಬಾಳು ಗಡಬಡಿಸಿ ಇನ್ನೊಂದು ಕೊಡ ಹುಡುಕತೊಡಗಿದ.

ತಾಯವ್ವ ಕಟ್ಟೆಗೆ ಬಂದು ನಿಂತಳು. ಬಾವಿ ಅಲ್ಲಿಂದಲೇ ಕಾಣುತ್ತಿತ್ತು. ನೀರಿಗೆ ಬಂದ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಕೊಡದ ಕೊರಳಿಗೆ ಹಗ್ಗ ಹೇಗೆ ಬಿಗಿಯಬೇಕೆಂದು ಗೊತ್ತಾಗದೆ ಲಗಮಣ್ಣ ತಡವರಿಸುತ್ತಿದ್ದ. ನೂರಬಿ ಮುಂದೆ ಬಂದಳು.

"ಯಾಕ್ರೀ ಅಣ್ಣಾರ, ನೀವು ಬಂದ್ರಿ? ಮನ್ಯಾಗ ಹೆಣಮಕ್ಕಳು ಯಾರೂ ಇಲ್ಲೇನು?"

"ಅದಾರವಾ," ಎಂದ ಲಗಮಣ್ಣ. "ಮೂರೂ ಮಂದಿ ಅದಾರ."

ಹಾಗೆಂದು ಕೊಡವನ್ನು ಬಾವಿಗೆ ಬಿಟ್ಟ.